ಕುಂಡ ತೂಗದೆ ಬರದ ಜೀನ್ ಅಳೆಯಬೇಡಿ

ನೀರು ನಿಲ್ಲಿಸಿದ ಮೇಲೆ ಮಾಮೂಲಿ ಅರಾಬಿಡಾಪ್ಸಿಸ್ (ಪ್ರಯೋಗಾಲಯದ ಪುಟ್ಟ ಗಿಡ) ಬಾಡಿದೆ, ಬರ ತಾಳಲೆಂದು ಜೀನ್ ಸೇರಿಸಿದ್ದು ಹಸಿರಾಗಿದೆ ಎನ್ನುವ ಫೋಟೊ ತೋರಿಸಿದರೆ ನಾನು ಮೊದಲು ಕೇಳುವುದು ಎಲೆಯ ಗಾತ್ರ. ಒತ್ತಡದಲ್ಲಿ ಬೇರೆ ಜೀನ್‌ಗಳನ್ನು ಎಬ್ಬಿಸುವ ಡ್ರೆಬ್1ಎ ಜೀನನ್ನು 35ಎಸ್ ಪ್ರೊಮೋಟರ್ (ಜೀನನ್ನು ಚಾಲೂ ಮಾಡುವ ಡಿಎನ್‌ಎ ತುಂಡು) ಹಾಕಿ ಸದಾ ಚಾಲೂ ಇಟ್ಟರೆ ಗಿಡ ಕುಳ್ಳಾಗುತ್ತದೆ. ಸಣ್ಣ ಎಲೆಗೆ ನೀರು ಕಡಿಮೆ ಸಾಕು, ಮಣ್ಣು ನಿಧಾನ ಒಣಗುತ್ತದೆ. ಆ ಗಿಡ ಬರ ತಾಳಿಕೊಂಡಿಲ್ಲ, ಅದಕ್ಕಿನ್ನೂ ಬರ ಬಂದೇ ಇಲ್ಲ!

ಹಾಗಾಗಿ ದಿನ ಎಣಿಸುವುದಿಲ್ಲ, ಕುಂಡ ತೂಗುತ್ತೇನೆ. ಒಣಮಣ್ಣು ತುಂಬಿದ ಕುಂಡ 100 ಗ್ರಾಂ, ನೀರುಣಿಸಿ ಪೂರ್ತಿ ಬಸಿದ ಮೇಲೆ 300 ಗ್ರಾಂ ಎಂದುಕೊಳ್ಳಿ. ಹಿಡಿದ ನೀರು 200 ಗ್ರಾಂ. ಅದರ ಶೇ 30ಕ್ಕೆ ಇಳಿಸಬೇಕೆಂದರೆ ಕುಂಡ 160 ಗ್ರಾಂ ತೂಗಬೇಕು. ದಿನಾ ಒಂದೇ ಹೊತ್ತಿಗೆ ತೂಗಿ, ಬೇಗ ಒಣಗಿದ್ದಕ್ಕೆ ಸಿರಿಂಜಿನಲ್ಲಿ ಕೊರತೆಯಷ್ಟೇ ನೀರು.

ಎಲೆಯ ನೀರಿನಂಶಕ್ಕೆ, ಅಂದರೆ ಪೂರ್ತಿ ತುಂಬಿದಾಗಿನ ನೀರಿನಲ್ಲಿ ಈಗ ಎಷ್ಟು ಪಾಲು ಇದೆ ಎಂಬುದಕ್ಕೆ, ಮೂರು ತೂಕ ಬೇಕು: ಕಿತ್ತ ಕೂಡಲೆ, ನಾಲ್ಕು ಗಂಟೆ ನೀರಲ್ಲಿ ತೇಲಿಸಿದ ಮೇಲೆ, 70 ಡಿಗ್ರಿಯಲ್ಲಿ ಪೂರ್ತಿ ಒಣಗಿಸಿದ ಮೇಲೆ. ಎರಡನೆಯದರಲ್ಲೇ ಎಡವಟ್ಟು. ಟಿಶ್ಯೂನಿಂದ ಸರಿಯಾಗಿ ಒತ್ತದೆ ಒಂದು ಹನಿ ಉಳಿದರೂ ಗಿಡ ಇರುವುದಕ್ಕಿಂತ ಹೆಚ್ಚು ಬಾಡಿದಂತೆ ಲೆಕ್ಕ ಬರುತ್ತದೆ.

ಯಾವ ಜೀನ್ ಎಷ್ಟು ಚಾಲೂ ಇದೆ ಎಂದು ಅದರ ಆರ್‌ಎನ್‌ಎಯನ್ನು ಕ್ಯೂಪಿಸಿಆರ್ ಎಂಬ ವಿಧಾನದಲ್ಲಿ ಅಳೆಯುತ್ತೇನೆ. ಅದಕ್ಕೆ ಎಲೆ ಕತ್ತರಿಸಿದ್ದೇ ದ್ರವ ಸಾರಜನಕಕ್ಕೆ ಹಾಕಬೇಕು. ಟ್ರೇ ಮೇಲೆ ಬಿಟ್ಟರೆ ಅಲ್ಲೇ ಒಣಗಿ ಬರದ ಜೀನ್‌ಗಳು ಏಳುತ್ತವೆ. ಹೋಲಿಸುವ ಗಿಡಗಳನ್ನು ಒಂದೇ ಗಂಟೆಯೊಳಗೆ ಕೊಯ್ಯಬೇಕು, ಡ್ರೆಬ್1 ಗುಂಪಿನ ಜೀನ್‌ಗಳು ಜೈವಿಕ ಗಡಿಯಾರಕ್ಕೂ ಕುಣಿಯುತ್ತವೆ. ಬೆರೆತ ಡಿಎನ್‌ಎ ಒಡೆಯಲು ಡಿಎನ್‌ಏಸ್ ಹಾಕಿ, ಅದು ಉಳಿದಿಲ್ಲವೆಂದು ನೋಡಲು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ (ಆರ್‌ಎನ್‌ಎಯಿಂದ ಡಿಎನ್‌ಎ ಮಾಡುವ ಕಿಣ್ವ) ಇಲ್ಲದ ಒಂದು ಟ್ಯೂಬನ್ನೂ ಓಡಿಸುತ್ತೇನೆ. ಹೋಲಿಕೆಗೆ ಹೆಚ್ಚು ಬದಲಾಗದ ಜೀನ್ ಎಂದು ಆಕ್ಟಿನ್ ಒಂದನ್ನೇ ನಂಬುವುದಿಲ್ಲ, ಜತೆಗೆ ಪಿಪಿ2ಎ ಕಿಣ್ವದ ಉಪಘಟಕದ ಜೀನ್ ಇರಲಿ.

ಬರದಲ್ಲಿ ಏರುವ ಆರ್‌ಡಿ29ಎ ಜೀನಿನ ಪ್ರೊಮೋಟರಿನಲ್ಲಿ ಬರದ ಸುದ್ದಿ ಒಯ್ಯುವ ಎಬಿಎ ಹಾರ್ಮೋನಿನ ದಾರಿಗೆ ಎಬಿಆರ್‌ಇ, ಡ್ರೆಬ್ ಪ್ರೋಟೀನುಗಳಿಗೆ ಡಿಆರ್‌ಇ, ಎರಡೂ ತಾಣಗಳಿವೆ. ಅದು ಏರಿದ್ದು ಯಾವ ದಾರಿಯಿಂದ ಎಂದು ಅದೊಂದರಿಂದಲೇ ಹೇಳಲಾಗದು. ಪಕ್ಕದಲ್ಲಿ ಎಬಿಎಯನ್ನೇ ಹೆಚ್ಚು ನೆಚ್ಚಿದ ಆರ್‌ಡಿ29ಬಿ ಅಳೆಯುತ್ತೇನೆ. ಏರಿಕೆ ಎಂದರೆ ಗಿಡಕ್ಕೆ ಸಂಕಟ ತಟ್ಟಿದೆ ಎಂದರ್ಥ, ತಾಳಿಕೆ ಎಂದಲ್ಲ. ಡ್ರೆಬ್2ಎಯಲ್ಲಿ ಇನ್ನೊಂದು ತೊಡಕು: ಸಂದೇಶ ಆರ್‌ಎನ್‌ಎ ಇದ್ದರೂ ಪ್ರೋಟೀನನ್ನು ಕೋಶವೇ ಒಡೆದುಹಾಕುತ್ತಿರಬಹುದು.

ಪತ್ರರಂಧ್ರ ಮುಚ್ಚುವುದಂತೂ ಕ್ಯೂಪಿಸಿಆರ್‌ಗೆ ಸಿಗುವುದೇ ಇಲ್ಲ. ಎಬಿಎ ಬಂದಾಗ ಅದರ ಗ್ರಾಹಕಗಳು ಓಎಸ್‌ಟಿ1 ಅನ್ನು ತಡೆದಿಟ್ಟಿದ್ದ ಪಿಪಿ2ಸಿ ಕಿಣ್ವವನ್ನು ಹಿಡಿದಿಟ್ಟುಕೊಳ್ಳುತ್ತವೆ, ಬಿಡುಗಡೆಯಾದ ಓಎಸ್‌ಟಿ1 ಕೈನೇಸ್ ಫಾಸ್ಫೇಟ್ ಅಂಟಿಸಿ ಎಸ್‌ಎಲ್‌ಎಸಿ1 ಅಯಾನು ಕಾಲುವೆ ತೆರೆಸುತ್ತದೆ, ರಂಧ್ರ ಮುಚ್ಚುತ್ತದೆ. ಇದಕ್ಕೆ ಹೊಸ ಆರ್‌ಎನ್‌ಎ ಬೇಕಿಲ್ಲ. ಅದನ್ನು ನೋಡಲು ಥರ್ಮಲ್ ಕ್ಯಾಮೆರಾ ಹಿಡಿಯುತ್ತೇನೆ: ರಂಧ್ರ ಮುಚ್ಚಿದ ಎಲೆ ಬಿಸಿ, ಓಎಸ್‌ಟಿ1 ಕೆಟ್ಟ ಗಿಡ ಬರದಲ್ಲೂ ತಂಪು.