ರಾಡ್ನರ್‌ಶೈರಿನ ಒಂದು ಪ್ಯಾರಿಷ್‌ನ ಚರಿತ್ರೆಯನ್ನು ಶೋಧಿಸುವ ಬಗೆ

ವೇಲ್ಸ್‌ನ ಪೂರ್ವದ ಗಡಿಯಲ್ಲಿರುವ ರಾಡ್ನರ್‌ಶೈರ್ ಬೆಟ್ಟ, ಹುಲ್ಲುಗಾವಲು ಮತ್ತು ಚದುರಿದ ಒಕ್ಕಲುಮನೆಗಳ ನಾಡು. ಇಡೀ ಕೌಂಟಿಯ ಇತಿಹಾಸಕ್ಕೆ ಕೈಹಾಕುವ ಬದಲು ಒಂದೇ ಪ್ಯಾರಿಷನ್ನು, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರು ಮತ್ತು ಹೊಲಗಳನ್ನು, ಆರಿಸಿಕೊಳ್ಳುವುದು ಲೇಸು. ಆ ಪ್ಯಾರಿಷ್ ಯಾವ ಕಾಲದಲ್ಲಿ ಯಾರ ಆಡಳಿತಕ್ಕೆ ಒಳಪಟ್ಟಿತ್ತು ಎಂಬುದನ್ನು ಮೊದಲೇ ಗುರುತಿಸಿಟ್ಟುಕೊಳ್ಳಬೇಕು. ಏಕೆಂದರೆ ದಾಖಲೆಗಳು ಹಂಚಿಹೋಗಿರುವುದು ಅಂದಿನ ಗಡಿಗಳಿಗೆ ಅನುಸಾರವಾಗಿ. 1536ರ ಶಾಸನದಿಂದ ರೂಪುಗೊಂಡ ಈ ಕೌಂಟಿ 1974ರಲ್ಲಿ ಪೋವಿಸ್‌ನೊಳಗೆ ಸೇರಿತು. ಹೀಗಾಗಿ ಸ್ಥಳೀಯ ಆಡಳಿತದ ಕಾಗದಪತ್ರಗಳಿಗೆ ಲ್ಯಾಂಡ್ರಿಂಡೊಡ್ ವೆಲ್ಸ್‌ನ ಪೋವಿಸ್ ದಾಖಲೆ ಭಂಡಾರವನ್ನು ಕೇಳಬೇಕು. ಚರ್ಚಿನ ಮಟ್ಟಿಗೆ ಬಹುಪಾಲು ಪ್ಯಾರಿಷ್‌ಗಳು ಸೇಂಟ್ ಡೇವಿಡ್ಸ್ ಬಿಷಪ್ಪರ ಅಧೀನದಲ್ಲಿದ್ದರೆ, ಪ್ರೆಸ್ಟೀನ್‌ನಂತಹ ಗಡಿಯ ಕೆಲವು ಇಂಗ್ಲೆಂಡಿನ ಹೆರೆಫರ್ಡ್ ಬಿಷಪ್ಪರಿಗೆ ಸೇರಿದ್ದವು. ಇದನ್ನು ಗಮನಿಸದಿದ್ದರೆ ಹಳೆಯ ಉಯಿಲುಗಳನ್ನು ತಪ್ಪು ಊರಿನಲ್ಲಿ ಹುಡುಕುವಂತಾಗುತ್ತದೆ.

ಮೊದಲ ಆಧಾರವಾಗಿ ಟೈದ್ ನಕ್ಷೆಯನ್ನೇ ಹಿಡಿಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಬೆಳೆಯ ಹತ್ತನೆಯ ಒಂದು ಪಾಲನ್ನು ಟೈದ್ ಎಂದು ಚರ್ಚಿಗೆ ಸಲ್ಲಿಸುತ್ತಿದ್ದ ಪದ್ಧತಿಯನ್ನು 1836ರ ಕಾಯಿದೆಯು ಹಣದ ಪಾವತಿಯಾಗಿ ಮಾರ್ಪಡಿಸಿದಾಗ, ಅದಕ್ಕಾಗಿ ದೊಡ್ಡ ನಕ್ಷೆಗಳು ಸಿದ್ಧವಾದವು. ಅವುಗಳ ಜೊತೆಗಿರುವ ಪಟ್ಟಿಯಲ್ಲಿ ಪ್ರತಿ ಹೊಲದ ಒಡೆಯ, ಅನುಭೋಗದಾರ, ವಿಸ್ತೀರ್ಣ, ಬಳಕೆ ಮತ್ತು ಬಹಳ ಕಡೆ ಹೊಲದ ಹೆಸರೂ ದೊರೆಯುತ್ತದೆ. ಅಬೆರಿಸ್ಟ್‌ವಿತ್‌ನಲ್ಲಿರುವ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯ ಇವನ್ನು ಅಂತರಜಾಲದಲ್ಲಿ ಉಚಿತವಾಗಿ ಒದಗಿಸಿದೆ. ಈ ಕೌಂಟಿಯ ಹೆಚ್ಚಿನ ಭಾಗದಲ್ಲಿ ವೆಲ್ಷ್ ಮಾತು ಬೇಗನೆ ಮರೆಯಾದರೂ ಹೊಲಗಳ ಹೆಸರುಗಳಲ್ಲಿ ಅದು ಉಳಿದಿದೆ. ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿರುವುದರಿಂದ ಅವನ್ನು ಗಟ್ಟಿಯಾಗಿ ಓದಿ ನೋಡಬೇಕು. ಕಾಸ್ಟೆಲ್ (ಕೋಟೆ) ಅಥವಾ ಟೊಮೆನ್ (ದಿಬ್ಬ) ಎಂದಿರುವ ಹೊಲದಲ್ಲಿ ನಾರ್ಮನ್ನರ ಕಾಲದ ಕೋಟೆದಿಬ್ಬದ ಕುರುಹು ಇರಬಹುದು. ಆದರೆ ಹೆಸರು ಸುಳಿವು ಮಾತ್ರ, ಸಾಕ್ಷ್ಯವಲ್ಲ. ನಕ್ಷೆಯನ್ನು ಬ್ರಿಟನ್ನಿನ ಸರ್ಕಾರಿ ಭೂಮಾಪನ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯ ಹಳೆಯ ನಕ್ಷೆಗಳೊಡನೆ ಹೋಲಿಸಿದ ಮೇಲೆಯೇ ಮುಂದುವರಿಯಬೇಕು.

ಅಲ್ಲಿಂದ ಹಿಂದಿನ ಕಾಲಕ್ಕೆ ಸರಿಯುವಾಗ 1858ಕ್ಕೆ ಮೊದಲಿನ ವೇಲ್ಸ್‌ನ ಚರ್ಚ್ ನ್ಯಾಯಾಲಯಗಳ ಉಯಿಲುಗಳೂ, 1830ರವರೆಗೆ ನಡೆದ ಗ್ರೇಟ್ ಸೆಷನ್ಸ್ ನ್ಯಾಯಾಲಯದ ಕಡತಗಳೂ ಅದೇ ಗ್ರಂಥಾಲಯದಲ್ಲಿ ಸಿಗುತ್ತವೆ. 1733ರವರೆಗಿನ ನ್ಯಾಯಾಲಯದ ಔಪಚಾರಿಕ ದಾಖಲೆಗಳು ಲ್ಯಾಟಿನ್‌ನಲ್ಲಿವೆ. ತಂದೆಯ ಹೆಸರಿನಿಂದಲೇ ಮಗನನ್ನು ಗುರುತಿಸುತ್ತಿದ್ದ ಕಾಲದಲ್ಲಿ ಒಂದೇ ಕುಟುಂಬದ ಕುಲನಾಮ ತಲೆಮಾರಿಗೊಮ್ಮೆ ಬದಲಾಗುವುದರಿಂದ, ವ್ಯಕ್ತಿಗಿಂತ ಮನೆಯ ಹೆಸರನ್ನು ಹಿಂಬಾಲಿಸುವುದು ಸುರಕ್ಷಿತ. 1752ಕ್ಕೆ ಮೊದಲು ವರ್ಷ ಮಾರ್ಚ್ 25ಕ್ಕೆ ಆರಂಭವಾಗುತ್ತಿತ್ತು ಎಂಬುದನ್ನೂ ದಿನಾಂಕ ನಮೂದಿಸುವಾಗ ಮರೆಯಬಾರದು. 1919ರವರೆಗಿನ ಪತ್ರಿಕೆಗಳನ್ನು ವೆಲ್ಷ್ ನ್ಯೂಸ್‌ಪೇಪರ್ಸ್ ಆನ್‌ಲೈನ್‌ನಲ್ಲಿ ನೋಡಬಹುದು.

ಪ್ರಾಚೀನ ಅವಶೇಷಗಳಿಗೆ ವೇಲ್ಸ್‌ನ ಪ್ರಾಚೀನ ಸ್ಮಾರಕಗಳನ್ನು ದಾಖಲಿಸಲು 1908ರಲ್ಲಿ ಸ್ಥಾಪಿತವಾದ ರಾಯಲ್ ಕಮಿಷನ್ನಿನ ಕೋಫ್ಲೈನ್ ಎಂಬ ಅಂತರಜಾಲ ಕೋಶ ಉತ್ತಮ ಆರಂಭ. ವಾಲ್ಟನ್ ಬಯಲಿನ ಫೋರ್ ಸ್ಟೋನ್ಸ್ ಎಂಬ ನಾಲ್ಕು ಕಲ್ಲುಗಳು ಯಾರ ಕಣ್ಣಿಗಾದರೂ ಬೀಳುತ್ತವೆ; ಅದೇ ಬಯಲಿನ ಹಿಂಡ್‌ವೆಲ್‌ನಲ್ಲಿ ಸುಮಾರು 34 ಹೆಕ್ಟೇರ್ ನೆಲವನ್ನು ಸುತ್ತುವರಿದಿದ್ದ ನವಶಿಲಾಯುಗದ ಮರದ ಕಂಬಗಳ ಆವರಣವಾದರೋ ಬೆಳೆಯ ಬಣ್ಣದ ವ್ಯತ್ಯಾಸವಾಗಿ ಆಕಾಶದಿಂದ ತೆಗೆದ ಚಿತ್ರಗಳಲ್ಲಿ ಗೋಚರಿಸಿತು. ಆದ್ದರಿಂದ ಸ್ಥಳಕ್ಕೆ ಹೋಗುವ ಮುನ್ನ ವೈಮಾನಿಕ ಚಿತ್ರಗಳನ್ನು ನೋಡಿರಬೇಕು. ಹಿಂದಿನ ಶತಮಾನಗಳ ಪ್ರಾಚ್ಯಾಸಕ್ತರು ಇಂಥ ಕಲ್ಲುಗಳಿಗೆ ಡ್ರೂಯಿಡರ (ಪ್ರಾಚೀನ ಕೆಲ್ಟಿಕ್ ಪುರೋಹಿತರ) ಕಥೆಗಳನ್ನು ಧಾರಾಳವಾಗಿ ಕಟ್ಟಿದ್ದಾರೆ. ಅವರ ವ್ಯಾಖ್ಯಾನವನ್ನು ಬದಿಗಿಟ್ಟು, ಅವರು ಕಣ್ಣಾರೆ ಕಂಡು ಅಳೆದದ್ದನ್ನು ಮಾತ್ರ ಉಳಿಸಿಕೊಳ್ಳಬೇಕು, ಏಕೆಂದರೆ ಅವರು ಕಂಡ ಎಷ್ಟೋ ದಿಬ್ಬಗಳು ನೇಗಿಲಿಗೆ ಸಿಕ್ಕಿ ಸವೆದಿವೆ.

ಹೊಲಕ್ಕೆ ಕಾಲಿಡುವ ಮೊದಲು ರೈತನ ಅನುಮತಿ ಪಡೆಯಬೇಕು. ಸಂರಕ್ಷಿತ ಪಟ್ಟಿಯಲ್ಲಿರುವ ಸ್ಮಾರಕದ ಮೇಲೆ ಒಪ್ಪಿಗೆಯಿಲ್ಲದೆ ಲೋಹಶೋಧಕ ಬಳಸುವುದು ಅಪರಾಧ; ನಿಧಿಯೆನಿಸಬಹುದಾದ ವಸ್ತು ಸಿಕ್ಕರೆ 1996ರ ನಿಧಿ ಕಾಯಿದೆಯ ಪ್ರಕಾರ 14 ದಿನಗಳೊಳಗೆ ತಿಳಿಸಬೇಕು. ಕಂಡದ್ದನ್ನು ಅಳತೆ, ನಕ್ಷೆಯ ಗ್ರಿಡ್ ಸಂಖ್ಯೆ, ದಿನಾಂಕ ಮತ್ತು ಅಳತೆಪಟ್ಟಿಯಿಟ್ಟ ಛಾಯಾಚಿತ್ರಗಳೊಡನೆ ಬರೆದು, ಆ ಪ್ರದೇಶದ ಪುರಾತತ್ವ ತಾಣಗಳ ಅಧಿಕೃತ ಪಟ್ಟಿಯಾದ ಐತಿಹಾಸಿಕ ಪರಿಸರ ದಾಖಲೆಗೂ ಒಂದು ಪ್ರತಿಯನ್ನು ಕಳುಹಿಸಬೇಕು.