ನಕಲು ತಡೆ ಇರುವ ಪಿಸಿ ಗೇಮು: ಕೊಳ್ಳುವ ಮುನ್ನ ನೋಡಬೇಕಾದದ್ದು, ಕೊಂಡ ಮೇಲೆ ತಕರಾರು ಹೇಳುವ ಕ್ರಮ

ಕೊಳ್ಳದವರು ನಕಲು ಮಾಡಿ ಆಡದಂತೆ ಗೇಮಿನೊಳಗೆ ಹಾಕುವ ಬೀಗವೇ ನಕಲು ತಡೆ. ಪಿಸಿ ಗೇಮುಗಳ ನಕಲು ತಡೆಯ ಬಗ್ಗೆ ಆಟಗಾರರಿಗಿರುವ ಸಿಟ್ಟು ಹೊಸದಲ್ಲ. ಆದರೆ ಆ ಸಿಟ್ಟಿನಲ್ಲಿ ಫಲ ಕೊಟ್ಟದ್ದೆಷ್ಟು, ಗಾಳಿಗೆ ಹೋದದ್ದೆಷ್ಟು ಎಂದು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಹಣ ಕೊಟ್ಟವರು ಅಥವಾ ಕೊಡಲು ಸಿದ್ಧರಿದ್ದವರು, ಮಾರಾಟದ ಲೆಕ್ಕ ನಡೆಯುವ ಮೊದಲ ದಿನಗಳಲ್ಲಿಯೇ, ತಮಗಾಗುವ ತೊಂದರೆ ಇಂಥದ್ದೇ ಎಂದು ಬಿಡಿಸಿ ಹೇಳಿದಾಗ ಪ್ರಕಾಶಕರು ಹಲವು ಬಾರಿ ಹಿಂದೆ ಸರಿದಿದ್ದಾರೆ. ಕದ್ದು ಆಡಿ ಸೇಡು ತೀರಿಸಿಕೊಂಡವರಿಂದ ಅಂಥ ಬದಲಾವಣೆ ಆದದ್ದು ಕಡಿಮೆ, ಏಕೆಂದರೆ ಅವರ ಪ್ರತಿಯೊಂದು ಡೌನ್‌ಲೋಡೂ ಇನ್ನಷ್ಟು ಬಿಗಿಯಾದ ತಡೆ ಬೇಕೆಂಬ ವಾದಕ್ಕೆ ಪುರಾವೆಯಾಗಿ ಬಳಕೆಯಾಗುತ್ತದೆ.

ಮಂಗಳೂರು, ಉಡುಪಿ ಕಡೆಯ ಆಟಗಾರರಿಗೆ ಈ ವಿಷಯ ಬೆಂಗಳೂರಿನವರಿಗಿಂತ ಸ್ವಲ್ಪ ಹೆಚ್ಚೇ ತಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಮರ ಬಿದ್ದು ಕೇಬಲ್ ತುಂಡಾಗುವುದು, ಆಟಿ ಎಂಬ ತುಳು ತಿಂಗಳ ಮಳೆಯ ರಾತ್ರಿಗಳಲ್ಲಿ ಕರೆಂಟು ಹೋದರೆ ಬೆಳಗಿನವರೆಗೆ ಬಾರದಿರುವುದು ಇಲ್ಲಿ ಮಾಮೂಲು. ಹೊರಗೆ ಹೋಗಲಾಗದ ಆ ದಿನಗಳಲ್ಲೇ ಗೇಮಿಗೆ ಬಿಡುವು ಸಿಗುವುದು, ಸದಾ ಸರ್ವರಿನ ಸಂಪರ್ಕ ಬೇಡುವ ಗೇಮು ತೆರೆಯದಿರುವುದೂ ಆಗಲೇ. ಮುಂಗಾರಿಗೆ ಮುಂಚಿನ ಮತ್ತು ಅಕ್ಟೋಬರ್ ಆಸುಪಾಸಿನ ಸಿಡಿಲಿಗೆ ಮದರ್‌ಬೋರ್ಡ್ ಸುಟ್ಟು ಬದಲಾಯಿಸಬೇಕಾದರಂತೂ, ಕೆಲವು ನಕಲು ತಡೆಗಳ ಕಣ್ಣಿಗೆ ಅದು ಬೇರೆಯೇ ಒಂದು ಕಂಪ್ಯೂಟರ್.

ತಡೆಯ ಬಗೆ ಗುರುತಿಸಿಕೊಳ್ಳುವುದು

ಕೊಳ್ಳುವ ಮುನ್ನ ತಿಳಿಯಬೇಕಾದ ಮೊದಲ ಸಂಗತಿ, ಆ ಗೇಮಿನಲ್ಲಿರುವ ತಡೆ ಯಾವ ಬಗೆಯದು ಎಂಬುದು. ಎಲ್ಲವನ್ನೂ ಡಿಆರ್‌ಎಂ ಎಂಬ ಒಂದೇ ಹೆಸರಿನಿಂದ ಕರೆದು ಬೈಯುವುದರಿಂದ ಪ್ರಯೋಜನವಿಲ್ಲ. ಒಂದೊಂದೂ ಕಾಡುವ ರೀತಿ ಬೇರೆ.

ಗೇಮನ್ನು ಇಷ್ಟೇ ಬಾರಿ ಸಕ್ರಿಯಗೊಳಿಸಬಹುದೆಂಬ ಎಣಿಕೆಯ ಮಿತಿ ಹಳೆಯ ಬಗೆ. 2007ರಲ್ಲಿ ಬಂದ ಬಯೋಶಾಕ್ ಗೇಮಿನ ಪಿಸಿ ಆವೃತ್ತಿಯನ್ನು ಸೆಕ್ಯುರಾಮ್ ಎಂಬ ತಂತ್ರಾಂಶದ ಮೂಲಕ ಮೊದಲು ಎರಡೇ ಬಾರಿ ಸಕ್ರಿಯಗೊಳಿಸಬಹುದಿತ್ತು. ಗದ್ದಲವೆದ್ದ ಮೇಲೆ ಅದು ಐದಾಯಿತು, 2008ರ ಜೂನ್‌ನಲ್ಲಿ ಮಿತಿಯೇ ಹೋಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸ್ಪೋರ್ ಗೇಮು ಮೂರು ಬಾರಿಯ ಮಿತಿಯೊಂದಿಗೆ ಬಂದಾಗ, ಅಮೆಜಾನ್‌ನಲ್ಲಿ ಕೆಲವೇ ದಿನಗಳೊಳಗೆ ಎರಡು ಸಾವಿರಕ್ಕೂ ಹೆಚ್ಚು ಒಂದು ನಕ್ಷತ್ರದ ವಿಮರ್ಶೆಗಳು ಬಿದ್ದವು. ಪ್ರಕಾಶಕರಾದ ಇಎ ಮಿತಿಯನ್ನು ಐದಕ್ಕೆ ಏರಿಸಿದರು. ಇಷ್ಟೆಲ್ಲ ಬಿಗಿ ಮಾಡಿದ ಈ ಗೇಮೇ ಆ ವರ್ಷ ಅತಿ ಹೆಚ್ಚು ನಕಲಾದ ಪಿಸಿ ಗೇಮು ಎನಿಸಿಕೊಂಡಿತು ಎಂಬುದನ್ನೂ ಇಲ್ಲಿ ಹೇಳಬೇಕು: ತಡೆ ಸಿಕ್ಕಿಹಾಕಿಸಿದ್ದು ಬಿಲ್ಲು ಇಟ್ಟುಕೊಂಡವರನ್ನೇ. ಇದಕ್ಕೂ ಕೆಲವು ತಿಂಗಳ ಮೊದಲು, ಮಾಸ್ ಎಫೆಕ್ಟ್‌ನ ಪಿಸಿ ಆವೃತ್ತಿಗೆ ಹತ್ತು ದಿನಕ್ಕೊಮ್ಮೆ ಸರ್ವರಿನಿಂದ ಪರವಾನಗಿ ಪಡೆಯುವ ನಿಯಮ ಪ್ರಕಟವಾಗಿತ್ತು. ಗೇಮು ಬಿಡುಗಡೆಯಾಗುವ ಮುನ್ನವೇ ಜನರು ವಿರೋಧಿಸಿದ್ದರಿಂದ ಆ ನಿಯಮ ಬಿದ್ದುಹೋಯಿತು.

ಎರಡನೆಯದು ಸದಾ ಸಂಪರ್ಕದ ಬೇಡಿಕೆ, ಕರಾವಳಿಯವರು ಹೆಚ್ಚು ಅಂಜಬೇಕಾದದ್ದು ಇದಕ್ಕೆ. 2010ರ ಮಾರ್ಚ್‌ನಲ್ಲಿ ಯೂಬಿಸಾಫ್ಟ್ ತನ್ನ ಅಸ್ಯಾಸಿನ್ಸ್ ಕ್ರೀಡ್ 2 ಮತ್ತು ಸೈಲೆಂಟ್ ಹಂಟರ್ 5 ಗೇಮುಗಳಿಗೆ ಈ ವ್ಯವಸ್ಥೆ ಅಳವಡಿಸಿತ್ತು. ಒಬ್ಬರೇ ಕುಳಿತು ಆಡುವ ಕಥೆಯ ಮಧ್ಯೆ ಇಂಟರ್ನೆಟ್ ಹೋದರೆ ಆಟ ಅಲ್ಲಿಗೇ ನಿಲ್ಲುತ್ತಿತ್ತು. ಬಿಡುಗಡೆಯ ಕೆಲವೇ ದಿನಗಳಲ್ಲಿ ಸರ್ವರುಗಳ ಮೇಲೆ ದಾಳಿಯಾಗಿ, ದುಡ್ಡು ಕೊಟ್ಟವರೇ ಗಂಟೆಗಟ್ಟಲೆ ಹೊರಗುಳಿದರು. ಆ ನೀತಿಯನ್ನು ಕೈಬಿಟ್ಟಿರುವುದಾಗಿ ಸಂಸ್ಥೆ 2012ರಲ್ಲಿ ಬಹಿರಂಗವಾಗಿ ಹೇಳಿತು. 2013ರ ಮಾರ್ಚ್‌ನ ಸಿಮ್‌ಸಿಟಿಯದ್ದು ಇನ್ನೂ ಸ್ವಾರಸ್ಯದ ಕಥೆ. ಸರ್ವರುಗಳು ಮೊದಲ ವಾರವೇ ಕುಸಿದವು. ಆಫ್‌ಲೈನ್ ಮಾಡಬೇಕಾದರೆ ಭಾರಿ ತಾಂತ್ರಿಕ ಕೆಲಸ ಬೇಕೆಂದು ತಯಾರಕರು ಹೇಳಿದರು. ಆದರೆ ಸಂಪರ್ಕ ಕಡಿದ ಮೇಲೂ ನಗರ ಕಟ್ಟುತ್ತ ಹೋಗಬಹುದೆಂದು ಆಟಗಾರರೇ ತೋರಿಸಿಕೊಟ್ಟರು. ನೊಂದವರಿಗೆ ಇಎ ಬೇರೊಂದು ಗೇಮನ್ನು ಉಚಿತವಾಗಿ ಕೊಟ್ಟಿತು, ಒಂದು ವರ್ಷದ ನಂತರ ಆಫ್‌ಲೈನ್ ಆಯ್ಕೆಯನ್ನೂ ಸೇರಿಸಿತು. ಆಗುವುದಿಲ್ಲ ಎಂಬ ಮಾತನ್ನು ಪರೀಕ್ಷಿಸಿ ನೋಡಿದ ಇಂಥ ಕೆಲವರ ಕೆಲಸ ಸಾವಿರ ಬೈಗುಳಕ್ಕಿಂತ ಹೆಚ್ಚು ತೂಗಿತೆಂಬುದು ನನ್ನ ಅಭಿಪ್ರಾಯ.

ಈಗ ಹೆಚ್ಚಾಗಿ ಎದುರಾಗುವುದು ಡೆನ್ಯೂವೊ. ಆಸ್ಟ್ರಿಯಾ ಮೂಲದ ಈ ತಂತ್ರಾಂಶ 2014ರಲ್ಲಿ ಫಿಫಾ 15 ಗೇಮಿನೊಂದಿಗೆ ಬಳಕೆಗೆ ಬಂತು. ಇದು ಸದಾ ಸಂಪರ್ಕ ಬೇಡುವುದಿಲ್ಲ. ಮೊದಲ ಬಾರಿ ತೆರೆದಾಗ ನಿಮ್ಮ ಯಂತ್ರಕ್ಕೆಂದೇ ಒಂದು ಟೋಕನ್ (ಆಡಲು ಅನುಮತಿಯ ಗುರುತು) ಪಡೆದುಕೊಳ್ಳುತ್ತದೆ, ಯಂತ್ರಾಂಶ ಬದಲಾದರೆ ಅಥವಾ ಗೇಮಿಗೆ ದೊಡ್ಡ ಅಪ್‌ಡೇಟ್ ಬಂದರೆ ಮತ್ತೊಮ್ಮೆ ಕೇಳಬಹುದು. ಆಟ ನಿಧಾನವಾಗುತ್ತದೆಂಬುದು ಇದರ ಮೇಲಿನ ಮುಖ್ಯ ದೂರು. ಈ ದೂರು ಪ್ರತಿ ಗೇಮಿಗೂ ನಿಜವೆಂದು ಹೇಳಲಾಗದು, ಆದರೆ 2021ರಲ್ಲಿ ರೆಸಿಡೆಂಟ್ ಈವಿಲ್ ವಿಲೇಜ್‌ನ ಪಿಸಿ ಆವೃತ್ತಿಯಲ್ಲಿ ಹೊಡೆದಾಟದ ನಡುವೆ ಆಟ ತಡವರಿಸುತ್ತಿದ್ದು, ತಡೆಯನ್ನು ಕಿತ್ತುಹಾಕಿದ ಕಳ್ಳ ಪ್ರತಿಯಲ್ಲಿ ಆ ತಡವರಿಕೆ ಇರಲಿಲ್ಲ. ತಜ್ಞರು ಅಳತೆ ಮಾಡಿ ತೋರಿಸಿದ ಮೇಲೆ ಅದರ ತಯಾರಕರಾದ ಕ್ಯಾಪ್‌ಕಾಮ್ ಅದೇ ವರ್ಷದ ಜುಲೈನಲ್ಲಿ ತನ್ನ ನಕಲು ತಡೆಯ ಭಾಗವನ್ನು ಸರಿಪಡಿಸಿ ಪ್ಯಾಚ್ ಕೊಟ್ಟಿತು, 2023ರಲ್ಲಿ ಡೆನ್ಯೂವೊವನ್ನೇ ತೆಗೆಯಿತು.

ಹೀಗೆ ಸ್ವಲ್ಪ ಕಾಲದ ನಂತರ ತಡೆ ತೆಗೆಯುವ ಪ್ರಕಾಶಕರು ಹಲವರಿದ್ದಾರೆ, ಆದ್ದರಿಂದ ಕಾಯುವುದೂ ಒಂದು ಉತ್ತರವೇ. ಮಾರಾಟದ ಮೊದಲ ವಾರಗಳಲ್ಲಿ ನಕಲನ್ನು ತಡೆಯಬೇಕೆಂಬ ತಯಾರಕರ ಆಸೆ ನ್ಯಾಯವಾದದ್ದೆಂದೇ ನಾನು ಭಾವಿಸುತ್ತೇನೆ. ಐದು ವರ್ಷ ಕಳೆದು ಗೇಮು ಕಾಲು ಬೆಲೆಗೆ ಬಿಕರಿಯಾಗುವಾಗಲೂ ಬೀಗ ಹಾಗೇ ಇರುವುದಕ್ಕೆ ಮಾತ್ರ ಸಮರ್ಥನೆ ಕಾಣುವುದಿಲ್ಲ.

ಕೊಳ್ಳುವ ಮುನ್ನ

ಪಿಸಿ ಗೇಮುಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಗೇಮಿನ ಪುಟ ತೆರೆದು ಬಲಗಡೆಯ ಅಂಕಣವನ್ನು ಕೆಳಗಿನವರೆಗೆ ಓದಬೇಕು. ಮೂರನೆಯವರ ಡಿಆರ್‌ಎಂ ಇದ್ದರೆ ಅದರ ಹೆಸರು, ಪ್ರಕಾಶಕರದೇ ಬೇರೆ ಖಾತೆ ಬೇಕಿದ್ದರೆ ಆ ಸೂಚನೆ ಅಲ್ಲಿರುತ್ತದೆ. ಪಿಸಿ ಗೇಮಿಂಗ್ ವಿಕಿ ಎಂಬ ತಾಣದಲ್ಲಿ, ಒಂದೇ ಗೇಮು ಯಾವ ಅಂಗಡಿಯಲ್ಲಿ ಯಾವ ತಡೆಯೊಂದಿಗೆ ಸಿಗುತ್ತದೆಂಬ ಪಟ್ಟಿ ಇರುತ್ತದೆ. ಅದೇ ಗೇಮು ಜಿಒಜಿಯಲ್ಲಿ ಇದೆಯೇ ಎಂದು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು; 2008ರಲ್ಲಿ ಸಿಡಿ ಪ್ರಾಜೆಕ್ಟ್ ಆರಂಭಿಸಿದ ಈ ಅಂಗಡಿ ನಕಲು ತಡೆಯಿಲ್ಲದ ಗೇಮುಗಳನ್ನು ಮಾರುತ್ತದೆ, ಇನ್‌ಸ್ಟಾಲರ್ ಕಡತವನ್ನು ಹಾರ್ಡ್‌ಡಿಸ್ಕಿನಲ್ಲಿ ಇಟ್ಟುಕೊಂಡರೆ ಇಂಟರ್ನೆಟ್ ಇಲ್ಲದೆಯೂ ಮತ್ತೆ ಹಾಕಿಕೊಳ್ಳಬಹುದು. ಕಾನೂನುಬದ್ಧವಾಗಿ ಪಡೆದ ತಂತ್ರಾಂಶ ಹಾಳಾಗದಂತೆ ಇಂಥ ಪ್ರತಿ ಮಾಡಿಟ್ಟುಕೊಳ್ಳಲು ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ವಿಧಿಯೇ ಅವಕಾಶ ಕೊಡುತ್ತದೆ.

ಅದೇ ಕಾಯ್ದೆಗೆ 2012ರಲ್ಲಿ ಸೇರಿದ 65ಎ ವಿಧಿಯನ್ನೂ ತಿಳಿದಿರಬೇಕು: ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ತಡೆಯನ್ನು ಮುರಿದರೆ ಎರಡು ವರ್ಷದವರೆಗೆ ಸೆರೆ ಮತ್ತು ದಂಡ. ತಡೆ ಮುರಿಯುವ ಕ್ರ್ಯಾಕ್ ಕಡತಗಳ ಜೊತೆ ಬರುವ ವೈರಸ್ಸಿನ ಮಾತು ಬೇರೆ.

ಮಳೆಗಾಲಕ್ಕೆ ಸಿದ್ಧತೆ

ಮೇ ಕೊನೆಯ ವಾರದಲ್ಲಿ, ಆಡಬೇಕೆಂದಿರುವ ಗೇಮುಗಳ ಅಪ್‌ಡೇಟ್ ಪೂರ್ತಿ ಮುಗಿಸಿ, ಪ್ರತಿಯೊಂದನ್ನೂ ಇಂಟರ್ನೆಟ್ ಇರುವಾಗ ಒಮ್ಮೆ ತೆರೆದು ಮುಖ್ಯ ಪರದೆಯವರೆಗೆ ಹೋಗಿ ಮುಚ್ಚಬೇಕು; ಟೋಕನ್ ಆಗಲೇ ಯಂತ್ರಕ್ಕೆ ಬಂದಿರುತ್ತದೆ. ಆಮೇಲೆ ಸ್ಟೀಮ್ ಅನ್ನು ಆಫ್‌ಲೈನ್ ಸ್ಥಿತಿಗೆ ತಂದು, ರೌಟರ್ ಆರಿಸಿ, ನಿಜವಾಗಿಯೂ ಗೇಮು ತೆರೆಯುತ್ತದೆಯೇ ಎಂದು ಪರೀಕ್ಷಿಸಬೇಕು. ಈ ಕೊನೆಯ ಹೆಜ್ಜೆಯನ್ನು ಬಿಡುವವರೇ ಹೆಚ್ಚು. ಬೀಡಿನಗುಡ್ಡೆಯ ಬಾಡಿಗೆ ಕೋಣೆಯಲ್ಲಾಗಲಿ ಸುರತ್ಕಲ್‌ನ ಹಾಸ್ಟೆಲಿನಲ್ಲಾಗಲಿ ಜಾಲದ ಫೈರ್‌ವಾಲ್ ಗೇಮಿನ ಸರ್ವರನ್ನು ತಡೆಯುತ್ತಿದ್ದರೆ, ಟೋಕನ್ ಪಡೆಯುವ ಒಂದೆರಡು ನಿಮಿಷಕ್ಕೆ ಮೊಬೈಲಿನ ಹಾಟ್‌ಸ್ಪಾಟ್ ಸಾಕು, ಅದಕ್ಕೆ ಡೇಟಾ ಖರ್ಚಾಗುವುದು ಅತ್ಯಲ್ಪ. ಮದರ್‌ಬೋರ್ಡ್ ಬದಲಾಯಿಸಲು ಹಂಪನಕಟ್ಟೆಯ ಅಂಗಡಿಗೆ ಪಿಸಿ ಕೊಡುವ ಮುನ್ನ, ಎಣಿಕೆಯ ಮಿತಿಯಿರುವ ಹಳೆಯ ಗೇಮುಗಳಿದ್ದರೆ ಅವುಗಳ ಪರವಾನಗಿ ಹಿಂತಿರುಗಿಸುವ ಆಯ್ಕೆಯನ್ನು ಬಳಸಬೇಕು; ಸಿಡಿಲು ಹೊಡೆದ ಮೇಲೆ ಅದು ಸಾಧ್ಯವಿಲ್ಲವಾದ್ದರಿಂದ, ಖರೀದಿಯ ರಸೀದಿಯನ್ನು ಇಮೇಲಿನಲ್ಲಿ ಉಳಿಸಿಕೊಂಡಿದ್ದರೆ ಪ್ರಕಾಶಕರ ಸಹಾಯ ವಿಭಾಗದಿಂದ ಎಣಿಕೆ ಮರಳಿ ಪಡೆಯಲು ಕೇಳಬಹುದು.

ತಕರಾರು ಹೇಳುವುದು

ಸ್ಟೀಮ್ 2015ರ ಜೂನ್‌ನಿಂದ, ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಕಾರಣ ಏನೇ ಇದ್ದರೂ ಹಣ ಹಿಂದಿರುಗಿಸುತ್ತದೆ. ಆದ್ದರಿಂದ ಮೊದಲ ಎರಡು ಗಂಟೆಯನ್ನು ಕಥೆಯಲ್ಲಿ ಮುಳುಗಿ ಕಳೆಯುವುದಕ್ಕಿಂತ, ಆಫ್‌ಲೈನ್‌ನಲ್ಲಿ ತೆರೆಯುತ್ತದೆಯೇ, ತಡವರಿಸುತ್ತದೆಯೇ, ಬೇರೆ ಖಾತೆ ಕೇಳುತ್ತದೆಯೇ ಎಂದು ನೋಡುವುದಕ್ಕೆ ಇಡುವುದು ಜಾಣತನ. ಹಣ ವಾಪಸು ಕೇಳುವಾಗ ಕಾರಣದ ಜಾಗದಲ್ಲಿ ತೊಂದರೆಯನ್ನು ಒಂದೆರಡು ವಾಕ್ಯಗಳಲ್ಲಿ ಬರೆಯಬೇಕು. ಹಿಂದಕ್ಕೆ ಹೋದ ಹಣದಷ್ಟು ಸ್ಪಷ್ಟವಾಗಿ ಮಾತನಾಡುವ ವಿಮರ್ಶೆ ಇನ್ನೊಂದಿಲ್ಲ.

ವಿಮರ್ಶೆ ಬರೆಯುವಾಗ ಒಂದು ಎಚ್ಚರ ಬೇಕು. ವಿಷಯಕ್ಕೆ ಹೊರತಾದ ಸಾಮೂಹಿಕ ದೂರುಗಳನ್ನು ಗುರುತಿಸಿ ಅಂಕದ ಲೆಕ್ಕದಿಂದ ಕೈಬಿಡುವ ಕ್ರಮವನ್ನು ಸ್ಟೀಮ್‌ನ ಒಡೆಯರಾದ ವಾಲ್ವ್ 2019ರಲ್ಲಿ ತಂದಾಗ, ಡಿಆರ್‌ಎಂ ಕುರಿತ ದೂರುಗಳನ್ನೂ ಆ ಗುಂಪಿಗೇ ಸೇರಿಸಿತು. ಇದು ಸರಿಯಲ್ಲವೆಂದು ನನಗನಿಸುತ್ತದೆ, ತೆರೆಯದ ಗೇಮಿಗಿಂತ ಗೇಮಿಗೆ ಹತ್ತಿರದ ವಿಷಯ ಯಾವುದು? ಆದರೂ ನಿಯಮ ಹಾಗಿರುವಾಗ ಡೆನ್ಯೂವೊ ತೆಗೆಯಿರಿ ಎಂಬ ಒಂದೇ ಸಾಲು ಬರೆದು ಬಿಡುವುದರಿಂದ ಲಾಭ ಕಡಿಮೆ. ನಿಮ್ಮ ಯಂತ್ರದ ವಿವರ, ಯಾವ ಘಟ್ಟದಲ್ಲಿ ಆಟ ನಿಂತಿತು, ಇಂಟರ್ನೆಟ್ ಹೋದಾಗ ಪರದೆಯ ಮೇಲೆ ಯಾವ ಸಂದೇಶ ಬಂತು, ಉಳಿಸಿದ್ದ ಆಟ ನಷ್ಟವಾಯಿತೇ ಎಂಬುದನ್ನು ಬರೆದು, ಆಟದಲ್ಲಿ ಚೆನ್ನಾಗಿರುವುದನ್ನೂ ಒಪ್ಪಿಕೊಂಡರೆ, ಆ ವಿಮರ್ಶೆಯನ್ನು ಹೊರತಾದದ್ದೆಂದು ತಳ್ಳುವುದು ಕಷ್ಟ, ಓದುವವರಿಗೂ ಅದರಿಂದ ಉಪಯೋಗ.

ಒಟ್ಟಾಗಿ ಆಡಿದ ಮಾತಿಗೆ ಬೆಲೆಯಿಲ್ಲವೆಂದು ಇದರ ಅರ್ಥವಲ್ಲ. 2020ರ ಮೇಯಲ್ಲಿ ಡೂಮ್ ಎಟರ್ನಲ್‌ಗೆ ಅಪ್‌ಡೇಟಿನ ಮೂಲಕ ಡೆನ್ಯೂವೊದ ಮೋಸ ತಡೆ ತಂತ್ರಾಂಶ ಸೇರಿಕೊಂಡಾಗ ಕೆಟ್ಟ ವಿಮರ್ಶೆಗಳ ಸುರಿಮಳೆಯಾಗಿ, ಕೆಲವೇ ದಿನಗಳಲ್ಲಿ ಅದನ್ನು ತೆಗೆಯುವುದಾಗಿ ಪ್ರಕಟಿಸಬೇಕಾಯಿತು. 2024ರ ಮೇಯಲ್ಲಿ ಹೆಲ್‌ಡೈವರ್ಸ್ 2 ಆಡುವ ಪಿಸಿ ಬಳಕೆದಾರರೆಲ್ಲ ಪ್ಲೇಸ್ಟೇಷನ್ ಖಾತೆ ಜೋಡಿಸಲೇಬೇಕೆಂದಾಗ, ಆ ಖಾತೆ ತೆರೆಯಲು ಅವಕಾಶವೇ ಇಲ್ಲದ ದೇಶಗಳಲ್ಲೂ ಗೇಮು ಮಾರಾಟವಾಗಿತ್ತು. ಎರಡು ಲಕ್ಷಕ್ಕೂ ಹೆಚ್ಚು ಕೆಟ್ಟ ವಿಮರ್ಶೆಗಳ ನಂತರ ಪ್ರಕಾಶಕರಾದ ಸೋನಿ ನಿಯಮ ಹಿಂತೆಗೆದುಕೊಂಡಿತು. ಎರಡೂ ಕಡೆ ಬೇಡಿಕೆ ಒಂದೇ ಆಗಿತ್ತು, ಅದನ್ನು ಕೇಳಿದವರು ಆಡುತ್ತಿದ್ದವರೇ ಆಗಿದ್ದರು.

ಅಂಗಡಿ ಹಣ ಕೊಡಲು ಒಪ್ಪದಿದ್ದರೆ, 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಅದರ ಕುಂದುಕೊರತೆ ಅಧಿಕಾರಿಗೆ ಬರೆಯಬಹುದು. ಅವರು 48 ಗಂಟೆಗಳಲ್ಲಿ ದೂರು ತಲುಪಿದ್ದನ್ನು ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗಕ್ಕೇ ಹೋಗಬಹುದಾದ್ದರಿಂದ ಕಾಗದದ ಮೇಲೆ ಮಂಗಳೂರು, ಉಡುಪಿಗಳಲ್ಲಿಯೇ ದಾರಿಯಿದೆ, ಐದು ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವೂ ಇಲ್ಲ. ಆದರೆ ಮೂರು ಸಾವಿರದ ಗೇಮಿಗೆ ವಿದೇಶಿ ಸಂಸ್ಥೆಯ ಮೇಲೆ ಆಯೋಗ ಹತ್ತುವುದು ಎಲ್ಲರಿಗೂ ಹೇಳುವ ಸಲಹೆಯಲ್ಲ.

ಸರ್ವರೇ ಮುಚ್ಚಿದರೆ

ಒಬ್ಬರೇ ಆಡಬಹುದಾದ ಗೇಮೂ ಸರ್ವರಿನೊಂದಿಗೆ ಸಾಯಬಹುದೆಂಬುದು 2024ರ ಮಾರ್ಚ್ 31ರಂದು ಯೂಬಿಸಾಫ್ಟ್ ತನ್ನ ದಿ ಕ್ರ್ಯೂ ಗೇಮಿನ ಸರ್ವರುಗಳನ್ನು ನಿಲ್ಲಿಸಿದಾಗ ಎಲ್ಲರಿಗೂ ತಿಳಿಯಿತು. ಅದರ ಬೆನ್ನಿಗೆ ಹುಟ್ಟಿದ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಚಳವಳಿಯ ಅರ್ಜಿ ಐರೋಪ್ಯ ಒಕ್ಕೂಟದಲ್ಲಿ 2025ರ ಜುಲೈನಲ್ಲಿ ಹತ್ತು ಲಕ್ಷ ಸಹಿಗಳನ್ನು ದಾಟಿತು. ಅದಕ್ಕೆ ಸಹಿ ಹಾಕುವ ಹಕ್ಕಿದ್ದದ್ದು ಒಕ್ಕೂಟದ ನಾಗರಿಕರಿಗೆ ಮಾತ್ರ. ಇಲ್ಲಿಂದ ಕೆಲವರು ಉತ್ಸಾಹದಲ್ಲಿ ಸುಳ್ಳು ವಿಳಾಸ ಕೊಟ್ಟು ಸಹಿ ಹಾಕುವ ಯೋಚನೆ ಮಾಡಿದರೆ, ಅಂಥ ಸಹಿಗಳು ಅರ್ಜಿಯನ್ನೇ ಅನುಮಾನಕ್ಕೆ ಗುರಿಮಾಡುತ್ತವೆ.

ಮನೆಯ ಕಪಾಟಿನಲ್ಲಿ 2000ದ ದಶಕದ ಡಿಸ್ಕ್‌ಗಳಿರುವವರಿಗೆ ಸಮಸ್ಯೆ ಬೇರೆಯದು. ಸೇಫ್‌ಡಿಸ್ಕ್ ಮತ್ತು ಹಳೆಯ ಸೆಕ್ಯುರಾಮ್ ತಡೆಗಳನ್ನು ಮೈಕ್ರೋಸಾಫ್ಟ್ 2015ರ ವಿಂಡೋಸ್ 10ರಲ್ಲಿ ಭದ್ರತೆಯ ಕಾರಣಕ್ಕೆ ನಿಲ್ಲಿಸಿತು, ಅದೇ ವರ್ಷ ಸೆಪ್ಟೆಂಬರ್‌ನ ಅಪ್‌ಡೇಟಿನಲ್ಲಿ ವಿಂಡೋಸ್ 7 ಮತ್ತು 8ರಲ್ಲೂ ಸೇಫ್‌ಡಿಸ್ಕಿನ ಡ್ರೈವರ್ ನಿಷ್ಕ್ರಿಯವಾಯಿತು. ಡಿಸ್ಕ್ ಸರಿಯಿದ್ದೂ ಗೇಮು ತೆರೆಯದಿದ್ದರೆ ಕಾರಣ ಬಹುಮಟ್ಟಿಗೆ ಇದೇ. ಅದೇ ಗೇಮು ಜಿಒಜಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತಿದ್ದರೆ ಅದನ್ನು ಕೊಳ್ಳುವುದು ನೇರ ದಾರಿ. ಸಿಗದಿದ್ದರೆ, ಇಂಟರ್ನೆಟ್ ಜೋಡಿಸದ ಹಳೆಯ ವಿಂಡೋಸ್ ಎಕ್ಸ್‌ಪಿ ಯಂತ್ರವೊಂದನ್ನು ಅದಕ್ಕೆಂದೇ ಇಟ್ಟುಕೊಳ್ಳಬಹುದು. ಬ್ಯಾಂಕಿನ ವ್ಯವಹಾರ ನಡೆಸುವ ಕಂಪ್ಯೂಟರಿನಲ್ಲಿ ಆ ಡ್ರೈವರನ್ನು ಮತ್ತೆ ಚಾಲೂ ಮಾಡಬಾರದು.