ಮಳೆಗಾಲದಲ್ಲಿ ಕುಳ್ಳ ಕತ್ತೆ ಸಾಕುವುದು

ನಮ್ಮ ಮನೆ ಶಿರಸಿ ಹತ್ತಿರ, ಅಡಿಕೆ ತೋಟದ ಪಕ್ಕ. ಕೊಟ್ಟಿಗೆಯಲ್ಲಿ ಎರಡು ಕುಳ್ಳ ಕತ್ತೆಗಳಿವೆ. ಒಂದನ್ನೇ ಸಾಕಬೇಡಿ, ಜೊತೆಯಿಲ್ಲದೆ ಕೊರಗುತ್ತದೆ.

ಕತ್ತೆ ಮೂಲತಃ ಒಣ ನಾಡಿನ ಪ್ರಾಣಿ. ಅದರ ಕೂದಲು ಕುದುರೆಯಷ್ಟು ನೀರು ತಡೆಯುವುದಿಲ್ಲ. ಹಾಗಾಗಿ ನಮ್ಮ ಮಳೆಗೆ ಸೋರದ ಮಾಡು ಬೇಕೇ ಬೇಕು. ನೆಲ ಒಣಗಿರಬೇಕು. ಮೊದಲ ವರ್ಷ ದನಕ್ಕೆ ಹಾಸುವ ಹಾಗೆ ಬೆಟ್ಟದ ಹಸಿ ಸೊಪ್ಪು ಹಾಸಿದೆ. ಹದಿನೈದೇ ದಿನಕ್ಕೆ ಬಾಗಿಲಲ್ಲೇ ಕೊಳೆತ ವಾಸನೆ! ಕಾಲೆತ್ತಿ ನೋಡಿದರೆ ಗೊರಸಿನ ಅಡಿ ಸಂದಿಯಲ್ಲಿ ಕಪ್ಪಗೆ ಅಂಟಂಟು. ತಪ್ಪು ನನ್ನದೇ. ಈಗ ಒಣ ಹುಲ್ಲು ಮಾತ್ರ ಹಾಸುತ್ತೇನೆ. ಅದರಲ್ಲೂ ಅರ್ಧ ತಿಂದು ಮುಗಿಸುತ್ತವೆ, ಇರಲಿ.

ದಿನಾ ಸಂಜೆ ಕಾಲೆತ್ತಿ, ಮೊಂಡು ಕೊಕ್ಕೆಯಿಂದ ಹಿಮ್ಮಡಿ ಕಡೆಯಿಂದ ಮುಂದಕ್ಕೆ ಕೆಸರು ತೆಗೆಯಿರಿ. ನಡುವಿನ ಮೆತ್ತನೆ ಭಾಗಕ್ಕೆ ಚುಚ್ಚಬೇಡಿ. ಆಮೇಲೆ ಬಟ್ಟೆಯಲ್ಲಿ ಒರೆಸಿ. 6ರಿಂದ 10 ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು, ಗೊತ್ತಿದ್ದವರ ಕೈಯಲ್ಲೇ.

ಮೇವಿಗೆ ಬೂಸಲು ಹಿಡಿಯದ ಒಣ ಹುಲ್ಲೇ ಸಾಕು. ಹಿಂಡಿ, ಅಕ್ಕಚ್ಚು ಬೇಡ, ಬೇಗ ಕೊಬ್ಬುತ್ತವೆ. ಕುತ್ತಿಗೆ ಮೇಲೆ ಗಟ್ಟಿ ಉಬ್ಬು ಕಂಡರೆ ತಿನಿಸು ಜಾಸ್ತಿಯಾಗಿದೆ ಅಂತಲೇ ಅರ್ಥ. ನಮ್ಮಲ್ಲಿ ಆಯಿ ಕದ್ದು ಬಾಳೆಹಣ್ಣು ಕೊಡುತ್ತಾಳೆ. ಕೇಳಿದರೆ, 'ಸುಮ್ನೆ ಒಂದು ಚೂರು' ಅನ್ನುತ್ತಾಳೆ.